ಟಿಕೆಟ್ ಕ್ಲೋಸ್ ಆದ ಮೇಲೆ

ಏಪ್ರಿಲ್ ಬಂತೆಂದರೆ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳ ಎದುರಿನ ಟೀ ಅಂಗಡಿಗಳಲ್ಲಿ ಮೂರೇ ಮಾತು: ಹೈಕ್ ಎಷ್ಟು, ರೇಟಿಂಗ್ ಏನು, ಯಾರು ಪೇಪರ್ ಹಾಕಿದರು. ಈ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ಮನೆ ಸಾಲದ ಕಂತು ಕಟ್ಟುವವರು ಶೇಕಡಾವಾರು ಲೆಕ್ಕ ಹಾಕಲೇಬೇಕು. ಆದರೆ ಎರಡು ದಶಕ ಮೆಸೇಜಿಂಗ್ ಮತ್ತು ಪೇಮೆಂಟ್ ಸಿಸ್ಟಮ್‌ಗಳ ಹಿಂದೆ ಕೂತು, ಅಷ್ಟೇ ಕಾಲ ಇಂಟರ್‌ವ್ಯೂ ಮೇಜಿನ ಆ ಬದಿಯಲ್ಲೂ ಈ ಬದಿಯಲ್ಲೂ ಕೂತ ಮೇಲೆ ಒಂದು ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ನಮ್ಮ ಕಸುಬಿನಲ್ಲಿ ಕೈ ಪಳಗುವುದು ಟಿಕೆಟ್ ಕ್ಲೋಸ್ ಆದ ಮೇಲೆ. ತಾನು ಬರೆದದ್ದು ಬೇರೆಯವರ ಕೈಯಲ್ಲಿ ಓಡುವುದನ್ನು, ತಡವರಿಸುವುದನ್ನು, ಒಡೆಯುವುದನ್ನು ಹತ್ತಿರದಿಂದ ನೋಡಿದವರು ಬೆಳೆಯುತ್ತಾರೆ. ಅದನ್ನು ನೋಡುವ ಮೊದಲೇ ಜಾಗ ಬದಲಿಸುತ್ತ ಹೋದವರ ರೆಸ್ಯೂಮೆ ಮಾತ್ರ ಬೆಳೆಯುತ್ತದೆ.

1. ಸಪೋರ್ಟ್ ಪ್ರಾಜೆಕ್ಟ್ ಕೊಟ್ಟರೆ ಮುಖ ಸಣ್ಣ ಮಾಡಿಕೊಳ್ಳಬೇಡಿ

ಟ್ರೈನಿಂಗ್ ಮುಗಿದು ಪ್ರಾಜೆಕ್ಟ್ ಹಂಚುವ ದಿನ ಫ್ರೆಷರ್‌ಗಳದ್ದು ಒಂದೇ ಹರಕೆ: ಡೆವಲಪ್‌ಮೆಂಟ್ ಸಿಗಲಿ, ಸಪೋರ್ಟ್ ಬೇಡ. ನಮ್ಮಲ್ಲಿ ಇದೊಂದು ಮೇಲು ಕೀಳಿನ ಶ್ರೇಣಿಯೇ ಆಗಿಹೋಗಿದೆ. ಹೊಸ ಕೋಡ್ ಬರೆಯುವವರು ಮೇಲೆ, ಟೆಸ್ಟಿಂಗಿನವರು ಅವರ ಕೆಳಗೆ, ಸಪೋರ್ಟಿನವರು ಎಲ್ಲರಿಗಿಂತ ಕೆಳಗೆ. ಶುದ್ಧ ಅವಿವೇಕ. ಸಿಸ್ಟಮ್ ಏನು ಮಾಡಬೇಕು ಎಂಬುದು ಡಿಸೈನ್ ಡಾಕ್ಯುಮೆಂಟಿನಲ್ಲಿರುತ್ತದೆ. ಏನು ಮಾಡುತ್ತಿದೆ ಎಂಬುದು ಲಾಗ್ ಓದುವವರಿಗಷ್ಟೇ ಗೊತ್ತು.

ನಾನಿದ್ದ ಒಂದು ತಂಡ ಹಣಕಾಸು ಸಂಸ್ಥೆಗಳ ಪರವಾಗಿ ಎಸ್‌ಎಂಎಸ್ ಕಳಿಸುವ ಸಿಸ್ಟಮ್ ನೋಡಿಕೊಳ್ಳುತ್ತಿತ್ತು. ಒಂದು ತಿಂಗಳು ಒಬ್ಬ ಗ್ರಾಹಕರ ಬಿಲ್ ಇದ್ದಕ್ಕಿದ್ದಂತೆ ಏರಿತು. ಕಳಿಸಿದ ಸಂದೇಶಗಳ ಸಂಖ್ಯೆ ಹಿಂದಿನ ತಿಂಗಳಷ್ಟೇ ಇತ್ತು. ‘ನಮ್ಮ ಕಡೆಯಿಂದ ಯಾವ ರಿಲೀಸೂ ಆಗಿಲ್ಲ’ ಎಂದು ಡೆವಲಪ್‌ಮೆಂಟಿನವರು ಕೈ ತೊಳೆದುಕೊಂಡರು. ಸಪೋರ್ಟಿನಲ್ಲಿದ್ದ, ಸೇರಿ ವರ್ಷವೂ ತುಂಬಿರದ ಹುಡುಗಿಯೊಬ್ಬಳು ಹಿಂದಿನ ತಿಂಗಳ ಸಂದೇಶವನ್ನೂ ಈ ತಿಂಗಳದ್ದನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿದಳು. ಸಿಕ್ಕಿದ್ದು ಒಂದೇ ವ್ಯತ್ಯಾಸ. ಇಂಗ್ಲಿಷಿನಲ್ಲಿ ‘ಆರ್‌ಎಸ್’ ಎಂದಿದ್ದ ಕಡೆ ಗ್ರಾಹಕರ ಮಾರ್ಕೆಟಿಂಗ್ ವಿಭಾಗದವರು, ಚಂದ ಕಾಣಲಿ ಅಂತ, ₹ ಚಿಹ್ನೆ ಹಾಕಿದ್ದರು.

ಒಂದು ಎಸ್‌ಎಂಎಸ್‌ನಲ್ಲಿ ಇರುವ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾಗುವುದರಿಂದ ಅದರಲ್ಲಿ 160 ಅಕ್ಷರ ಹಿಡಿಯುತ್ತದೆ. 2010ರಲ್ಲಿ ಹುಟ್ಟಿದ ರೂಪಾಯಿ ಚಿಹ್ನೆ ಆ ಹಳೆಯ ಏಳು ಬಿಟ್ಟಿನ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಒಂದೇ ಒಂದು ಅಕ್ಷರ ನುಸುಳಿದರೂ ಇಡೀ ಸಂದೇಶ ಯೂನಿಕೋಡ್‌ಗೆ ತಿರುಗುತ್ತದೆ. ಆಗ ಅಕ್ಷರಕ್ಕೆ ಎರಡು ಬೈಟ್, ಮಿತಿ 70. ಉದ್ದ ಸಂದೇಶವನ್ನು ತುಂಡು ಮಾಡಿದರೆ ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಹೋಗಿ ತುಂಡೊಂದಕ್ಕೆ 67. ಹೀಗಾಗಿ ನೂರೈವತ್ತು ಅಕ್ಷರದ ಸಂದೇಶ ಒಂದಾಗಿ ಹೋಗುವ ಬದಲು ಮೂರಾಗಿ ಹೋಗುತ್ತಿತ್ತು, ಬಿಲ್ಲೂ ಮೂರರದ್ದೇ ಬರುತ್ತಿತ್ತು. ವರ್ಡ್‌ನಿಂದ ಕಾಪಿ ಮಾಡಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆಯೂ ಇದೇ ಕಿತಾಪತಿ ಮಾಡುತ್ತದೆ. ಕನ್ನಡದ ಸಂದೇಶಗಳಿಗಂತೂ ಇದು ಹುಟ್ಟಿದಾರಭ್ಯ ಇರುವ ಕಷ್ಟ: ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ಯೂನಿಕೋಡ್ ಲೆಕ್ಕದಲ್ಲಿ ನಾಲ್ಕು.

ಆ ಹುಡುಗಿ ಬಿಲ್ಲಿನ ಕಾರಣ ಹೇಳಿ ಸುಮ್ಮನಾಗಲಿಲ್ಲ. ಟೆಂಪ್ಲೇಟ್ ಬದಲಾದರೆ ಖರ್ಚು ಎಷ್ಟಾಗುತ್ತದೆ ಎಂದು ಕಳಿಸುವ ಮೊದಲೇ ತೋರಿಸುವ ಚಿಕ್ಕ ಟೂಲ್ ಬರೆದಳು. ಡೆವಲಪ್‌ಮೆಂಟಿಗೆ ಹಾಕಿ ಎಂದು ಆಕೆ ಯಾರನ್ನೂ ಕೇಳಬೇಕಾಗಲಿಲ್ಲ, ಅವರೇ ಬಂದು ಕರೆದರು.

ಒಂದು ಎಚ್ಚರಿಕೆ. ಪಾಸ್‌ವರ್ಡ್ ರೀಸೆಟ್ ಮಾಡುವುದು, ಟಿಕೆಟನ್ನು ಇನ್ನೊಂದು ತಂಡಕ್ಕೆ ದಾಟಿಸುವುದು, ಇಷ್ಟೇ ಇರುವ ಸಪೋರ್ಟ್ ಕೆಲಸಗಳೂ ಇವೆ. ವರ್ಷವಾದರೂ ಕೋಡ್ ನೋಡುವ ಅನುಮತಿ ಸಿಗದಿದ್ದರೆ ಅಲ್ಲಿಂದ ಜಾಗ ಖಾಲಿ ಮಾಡಿ.

2. ಕಟ್ಟಿದ್ದರ ಎರಡನೇ ವರ್ಷ ನೋಡಿ

ಕಂಪನಿ ಬದಲಿಸಿದರೆ ಸಂಬಳ ಏರುತ್ತದೆ, ಇದ್ದಲ್ಲೇ ಇದ್ದರೆ ತೆವಳುತ್ತದೆ. ಇದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯ. ‘ನಿಷ್ಠೆಯಿಂದ ಇರಿ’ ಎಂದು ಉಪದೇಶ ಮಾಡುವ ಕಂಪನಿಗಳೇ ಹೊಸಬರಿಗೆ ಹಳಬರಿಗಿಂತ ಹೆಚ್ಚು ಕೊಡುತ್ತವೆ. ಹಾಗಾಗಿ ಜಿಗಿಯಬೇಡಿ ಎಂದು ನಾನು ಹೇಳುವುದಿಲ್ಲ. ಯಾವಾಗ ಜಿಗಿಯಬೇಕು ಎಂಬುದಷ್ಟೇ ಪ್ರಶ್ನೆ.

ಸಾಫ್ಟ್‌ವೇರ್‌ನ ಮೊದಲ ವರ್ಷ ಮದುವೆ ಮನೆಯ ಹಾಗೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಎರಡನೇ ವರ್ಷ ಡೇಟಾ ಹತ್ತು ಪಟ್ಟಾಗುತ್ತದೆ, ಮಾರ್ಚ್ 31ರ ರಾತ್ರಿ ಬರುತ್ತದೆ, ದಸರಾ ದೀಪಾವಳಿಯ ಸೇಲ್ ಬರುತ್ತದೆ, ಮೂಲ ತಂಡದವರು ಅರ್ಧ ಜನ ಹೋಗಿರುತ್ತಾರೆ. ನೀವು ಜಾಣತನ ಎಂದುಕೊಂಡು ಮಾಡಿದ ವಿನ್ಯಾಸ ಹೊಸಬರಿಗೆ ತಲೆಬುಡ ಅರ್ಥವಾಗದೆ ಅವರು ಅದರ ಪಕ್ಕದಲ್ಲೇ ಇನ್ನೊಂದನ್ನು ಕಟ್ಟತೊಡಗುತ್ತಾರೆ. ಇದನ್ನೆಲ್ಲ ನೋಡಿದ ಮೇಲೆ ಮುಂದಿನ ಸಲ ಪೆನ್ನು ಹಿಡಿಯುವ ರೀತಿಯೇ ಬೇರೆ.

ಸೀನಿಯರ್ ಹುದ್ದೆಯ ಇಂಟರ್‌ವ್ಯೂಗಳಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಇದು: ‘ನೀವು ಆಗ ಸರಿ ಎಂದು ಮಾಡಿದ ಯಾವ ನಿರ್ಧಾರವನ್ನು ಈಗ ಬೇರೆ ಥರ ಮಾಡುತ್ತೀರಿ? ಅದು ನಿಮಗೆ ಹೇಗೆ ಗೊತ್ತಾಯಿತು?’ ಪ್ರತಿ ಕಡೆ ಒಂದೊಂದು ವರ್ಷ ಇದ್ದು ಬಂದವರು ಇಲ್ಲಿ ತಡವರಿಸುತ್ತಾರೆ. ದಡ್ಡರು ಅಂತಲ್ಲ. ಅವರ ನಿರ್ಧಾರಗಳ ಫಲವನ್ನು ಉಂಡವರು ಬೇರೆ ಯಾರೋ. ಹತ್ತು ವರ್ಷದ ಅನುಭವ ಎಂದು ಬರೆದುಕೊಂಡವರಲ್ಲಿ ಒಂದೇ ವರ್ಷದ ಅನುಭವ ಹತ್ತು ಸಲ ಆದವರು ಬಹಳ ಮಂದಿ.

3. ಬೇರೆಯವರ ಅವಘಡಗಳನ್ನು ಓದಿ

ನೋಡಬೇಕಾದ ಎಲ್ಲ ಒಡಕುಗಳನ್ನೂ ಒಂದೇ ಜನ್ಮದಲ್ಲಿ ನೋಡಲಾಗದು. ಅದಕ್ಕೇ ದೊಡ್ಡ ಕಂಪನಿಗಳು ತಮ್ಮ ಅವಘಡಗಳ ಬಗ್ಗೆ ಪ್ರಕಟಿಸುವ ಪೋಸ್ಟ್‌ಮಾರ್ಟೆಮ್ ವರದಿಗಳು ನನ್ನ ಪಾಲಿಗೆ ಯಾವ ಸರ್ಟಿಫಿಕೇಷನ್‌ಗಿಂತಲೂ ದೊಡ್ಡ ಪಾಠಶಾಲೆ. ಅದೂ ಬಿಟ್ಟಿ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಆದದ್ದನ್ನೇ ತೆಗೆದುಕೊಳ್ಳಿ. ರಾತ್ರಿ ಹೊತ್ತಾಗಿದೆ, ಎರಡನೇ ಡೇಟಾಬೇಸ್ ಸರ್ವರ್ ಮೊದಲನೆಯದರ ಜೊತೆ ಹೆಜ್ಜೆ ಹಾಕುತ್ತಿಲ್ಲ. ಅದನ್ನು ಸರಿಮಾಡಲು ಹೊರಟ ಎಂಜಿನಿಯರ್ ಖಾಲಿ ಡೈರೆಕ್ಟರಿ ಅಳಿಸುತ್ತಿದ್ದೇನೆ ಎಂದುಕೊಂಡು ಕಮಾಂಡ್ ಕೊಟ್ಟರು. ಆದರೆ ಆ ಟರ್ಮಿನಲ್ ಮುಖ್ಯ ಸರ್ವರ್‌ನದಾಗಿತ್ತು. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ, ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಬ್ಯಾಕಪ್ ಟೂಲ್‌ನ ಆವೃತ್ತಿಯೂ ಡೇಟಾಬೇಸ್‌ನ ಆವೃತ್ತಿಯೂ ಬೇರೆಬೇರೆಯಾಗಿ ಅದು ಸದ್ದಿಲ್ಲದೆ ಸೋಲುತ್ತಿತ್ತು. ಸೋತಿದ್ದೇನೆ ಎಂದು ಅದು ಕಳಿಸುತ್ತಿದ್ದ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆಂದು ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ ಒಂದರಿಂದ ಜೀವ ಉಳಿಯಿತು; ಆ ಆರು ಗಂಟೆಗಳ ಡೇಟಾ ಹೋಯಿತು. ಚೇತರಿಕೆಯ ಕೆಲಸವನ್ನು ಅವರು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು, ವರದಿಯನ್ನೂ ಪ್ರಕಟಿಸಿದರು.

ಇಂಥದ್ದನ್ನು ಓದುವಾಗ ‘ಅಯ್ಯೋ ಪಾಪ’ ಎಂದು ಮುಂದೆ ಹೋಗಬೇಡಿ. ಮರುದಿನವೇ ನಿಮ್ಮ ತಂಡದಲ್ಲಿ ಕೇಳಿ: ನಮ್ಮ ಬ್ಯಾಕಪ್‌ನಿಂದ ಕೊನೆಯ ಸಲ ಡೇಟಾ ವಾಪಸ್ ತಂದು ನೋಡಿದ್ದು ಯಾವಾಗ? ಬ್ಯಾಕಪ್ ಸೋತರೆ ಇಮೇಲ್ ಯಾರಿಗೆ ಹೋಗುತ್ತದೆ, ಅವರಿನ್ನೂ ಕಂಪನಿಯಲ್ಲಿದ್ದಾರಾ? ಎರಡನೇ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕೇಳಿದ್ದೇನೆ.

ಹಾಗೆಯೇ ಷೇರು ವಹಿವಾಟಿನ ಕಂಪನಿ ನೈಟ್ ಕ್ಯಾಪಿಟಲ್‌ನ 2012ರ ಆಗಸ್ಟ್ 1ರ ಪ್ರಕರಣ. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ, ವರ್ಷಗಟ್ಟಲೆ ಬಳಸದೇ ಬಿಟ್ಟಿದ್ದ ಹಳೆಯ ಕೋಡ್ ಅಲ್ಲಿ ಎದ್ದು ಕೂತಿತು, ಮುಕ್ಕಾಲು ಗಂಟೆಯಲ್ಲಿ ಸುಮಾರು 44 ಕೋಟಿ ಡಾಲರ್ ಮಣ್ಣುಪಾಲಾಯಿತು. ಸತ್ತ ಕೋಡನ್ನು ಅಳಿಸುವ ಕೆಲಸಕ್ಕೆ ಯಾವ ಅಪ್ರೈಸಲ್‌ನಲ್ಲೂ ಅಂಕ ಸಿಗುವುದಿಲ್ಲ. ಆದರೂ ಮಾಡಿ.

4. ಏನು ಕಲಿಯಬೇಕೆಂದು ನಿರ್ಧರಿಸುವಾಗ ಅದರ ವಯಸ್ಸು ಕೇಳಿ

ಪ್ರತಿ ವರ್ಷ ಹೊಸದೊಂದು ಫ್ರೇಮ್‌ವರ್ಕ್ ಬರುತ್ತದೆ, ಬಿಟಿಎಂ ಲೇಔಟ್‌ನಿಂದ ಮಾರತಹಳ್ಳಿವರೆಗೆ ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳು ಬದಲಾಗುತ್ತವೆ. ನಾನು ಕೆಲಸ ಶುರು ಮಾಡಿದಾಗ ಫ್ಲಾಶ್ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ. 2020ರ ಕೊನೆಗೆ ಅಡೋಬಿ ಅದಕ್ಕೆ ತಿಲಾಂಜಲಿ ಇಟ್ಟಿತು. 2007ರಲ್ಲಿ ಬಂದ ಸಿಲ್ವರ್‌ಲೈಟ್ 2021ರಲ್ಲಿ ಹೋಯಿತು. 2010ರ ಆಂಗ್ಯುಲರ್ ಜೆಎಸ್‌ಗೂ 2021ರ ಡಿಸೆಂಬರ್‌ಗೆ ಬೆಂಬಲ ನಿಂತಿತು. ಆದರೆ ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧದ ಮೇಲೆ ನಿಂತಿರುವ ಎಸ್‌ಕ್ಯುಎಲ್ ಇವತ್ತಿಗೂ ಅನ್ನ ಹಾಕುತ್ತಿದೆ. ಯುನಿಕ್ಸ್‌ನ ಕಮಾಂಡುಗಳು, ಟಿಸಿಪಿ ಕೈಕುಲುಕುವ ಬಗೆ, ಇಂಡೆಕ್ಸ್ ಎಂದರೇನು, ಟ್ರಾನ್ಸಾಕ್ಷನ್ ಎಂದರೇನು, ಲಾಕ್ ಯಾಕೆ ಬೀಳುತ್ತದೆ — ಇವು ನಾನು ಇಪ್ಪತ್ತರ ಹರೆಯದಲ್ಲಿ ಕಲಿತು ಈಗಲೂ ವಾರಕ್ಕೊಮ್ಮೆಯಾದರೂ ಬಳಸುವ ವಿದ್ಯೆ.

ಹೊಸದನ್ನು ಕಲಿಯಲೇಬೇಡಿ ಅಂತಲ್ಲ, ಇಂಟರ್‌ವ್ಯೂ ದಾಟಲು ಅದೂ ಬೇಕು. ಕಲಿಕೆಗೆ ಸಿಗುವ ಸಮಯದ ಮೂರರಲ್ಲಿ ಎರಡು ಪಾಲನ್ನು ಹಳೆಯದಕ್ಕೆ ಕೊಡಿ. ಪ್ರೊಡಕ್ಷನ್ ಒಡೆದಾಗ ಫ್ರೇಮ್‌ವರ್ಕ್‌ನ ಪದರ ಕಿತ್ತು ಒಳಗೆ ಇಣುಕಿದರೆ ಕಾಣುವುದು ಯಾವಾಗಲೂ ಈ ಹಳೆಯದೇ.

5. ನಿಮ್ಮ ಸಿಸ್ಟಮ್‌ನ ಅಂಕಿಗಳು ಬಾಯಿಪಾಠ ಇರಲಿ

ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್, ಎಷ್ಟು ಫೇಲ್, ತಿಂಗಳಿಗೆ ಕ್ಲೌಡ್ ಬಿಲ್ ಎಷ್ಟು. ಇಷ್ಟು ಗೊತ್ತಿಲ್ಲದ ಸೀನಿಯರ್‌ಗಳು ನಂಬಲಾಗದಷ್ಟು ಜನ ಇದ್ದಾರೆ. 99.9 ಶೇಕಡಾ ಲಭ್ಯತೆ ಎಂದರೆ ಮೂವತ್ತು ದಿನದ ತಿಂಗಳಲ್ಲಿ 43 ನಿಮಿಷ ಸಿಸ್ಟಮ್ ಮಲಗಬಹುದು. ಇನ್ನೊಂದು ಒಂಬತ್ತು ಸೇರಿಸಿದರೆ ನಾಲ್ಕು ನಿಮಿಷ ಚಿಲ್ಲರೆ. ಸೇಲ್ಸಿನವರು ಗ್ರಾಹಕರಿಗೆ ನಾಲ್ಕು ಒಂಬತ್ತುಗಳ ಮಾತು ಕೊಟ್ಟು ಬಂದಿರುತ್ತಾರೆ. ಆನ್-ಕಾಲ್ ಇರುವವನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನೊಳಗೆ ನಿಂತು ಲ್ಯಾಪ್‌ಟಾಪ್ ತೆಗೆಯುವಷ್ಟರಲ್ಲಿ ಆ ನಾಲ್ಕು ನಿಮಿಷ ಕಳೆದಿರುತ್ತದೆ. ಈ ಲೆಕ್ಕವನ್ನು ಮೀಟಿಂಗಿನಲ್ಲಿ ಎತ್ತಿ ಹೇಳಬಲ್ಲವರ ಮಾತಿಗೆ ತೂಕ ತಾನಾಗಿ ಬರುತ್ತದೆ.

6. ಇಂಗ್ಲಿಷಿಗೆ ಹೆದರಿ ಬಾಯಿ ಮುಚ್ಚಿಕೊಂಡವರಿಗೆ

ಬಾಗಲಕೋಟೆ ಕಡೆಯ ಹುಡುಗನೊಬ್ಬ ನಮ್ಮ ತಂಡದಲ್ಲಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಸ್ಟ್ಯಾಂಡ್-ಅಪ್‌ನಲ್ಲಿ ಅವನದು ಒಂದೇ ಸಾಲು: ಕೆಲಸ ನಡೆಯುತ್ತಿದೆ. ಒಂದು ಮಧ್ಯಾಹ್ನ ಸಂದೇಶಗಳ ಕ್ಯೂ ನಿಂತುಹೋಗಿ, ಲೋಡ್ ಜಾಸ್ತಿಯಾಗಿದೆ, ಸರ್ವರ್ ಹೆಚ್ಚಿಸಬೇಕು ಎಂದು ಎಲ್ಲರೂ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ವಾದಿಸುತ್ತಿದ್ದರು. ಅವನು ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ: ‘ಕ್ಯೂ ತುಂಬಿಲ್ರೀ ಸರ್. ಒಂದು ಮೆಸೇಜ್ ಬಾಗಿಲದಾಗ ಸಿಕ್ಕೊಂಡೈತಿ. ಅದು ಫೇಲ್ ಆಗತೈತಿ, ಮತ್ತ ಮುಂದ ಬಂದು ನಿಂದರತೈತಿ. ಅದನ್ನ ತಗದು ಬ್ಯಾರೆ ಕಡೆ ಇಟ್ರ ಹಿಂದಿನ್ವು ಎಲ್ಲಾ ಹೋಗ್ತಾವು.’ ಹತ್ತು ನಿಮಿಷದಲ್ಲಿ ಅದೇ ನಿಜ ಎಂದು ಗೊತ್ತಾಯಿತು. ಕೆಟ್ಟ ಸಂದೇಶವನ್ನು ಬೇರೆ ಕ್ಯೂಗೆ ಹಾಕುವ ಏರ್ಪಾಡೇ ಅಲ್ಲಿ ಇರಲಿಲ್ಲ. ಸರ್ವರ್ ಹೆಚ್ಚಿಸಿದ್ದರೆ ಹೆಚ್ಚು ಸರ್ವರ್‌ಗಳು ಕೂಡಿ ಅದೇ ಸಂದೇಶದ ಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದವು.

ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ಯೋಚಿಸಬಲ್ಲವನಿಗೆ ಇಂಗ್ಲಿಷಿನಲ್ಲಿ ಬೇಕಾಗಿದ್ದದ್ದು ಒಂದು ಚೌಕಟ್ಟು. ಅವನಿಗೆ ನಾವು ಕೊಟ್ಟದ್ದು ನಾಲ್ಕು ಪ್ರಶ್ನೆ: ಏನಾಗಿದೆ, ಯಾವಾಗಿನಿಂದ, ಎಷ್ಟು ಜನಕ್ಕೆ ತೊಂದರೆ, ಮುಂದೇನು ಮಾಡುತ್ತಿದ್ದೇವೆ. ಪ್ರತಿಯೊಂದಕ್ಕೆ ಒಂದು ಸಾಲು. ಮೊದಲು ಬರೆಯುವುದು, ಆಮೇಲೆ ಕಾಲ್‌ನಲ್ಲಿ ಅದನ್ನೇ ಓದುವುದು. ಅವಘಡದ ಹೊತ್ತಿನಲ್ಲಿ ಅಮೆರಿಕದ ಕ್ಲೈಂಟ್‌ಗೂ ಬೇಕಾಗುವುದು ಆ ನಾಲ್ಕು ಸಾಲೇ, ಉಚ್ಚಾರಣೆಯನ್ನು ಆಗ ಯಾರೂ ಅಳೆಯುವುದಿಲ್ಲ. ಕೆಲ ತಿಂಗಳಲ್ಲಿ ಕ್ಲೈಂಟೇ ‘ಅವನನ್ನು ಕರೆಯಿರಿ’ ಎನ್ನತೊಡಗಿದರು. ಇಂಗ್ಲಿಷ್ ಮಾತು ಸುಧಾರಿಸಿತೇ ಎಂದು ಕೇಳಿದರೆ, ಸುಧಾರಿಸಿತು, ತೀರಾ ಅಷ್ಟೇನಲ್ಲ.

ತಂಡದ ಲೀಡ್‌ಗಳಿಗೂ ಒಂದು ಮಾತು: ವೈಟ್‌ಬೋರ್ಡ್ ಎದುರು ಇಬ್ಬರೇ ಇರುವಾಗ ಕನ್ನಡ ಬರುವವರ ಜೊತೆ ಕನ್ನಡದಲ್ಲೇ ಡಿಸೈನ್ ಚರ್ಚಿಸಿ. ಸಂಕೋಚದ ಹಿಂದೆ ಕೂತಿರುವ ಬುದ್ಧಿ ಹೊರಗೆ ಬರುತ್ತದೆ.

7. ಮಾಡಿದ್ದನ್ನು ಬರೆದಿಡಿ

ಅಪ್ರೈಸಲ್ ಫಾರ್ಮ್ ಬಂದ ರಾತ್ರಿ ಹನ್ನೆರಡು ತಿಂಗಳನ್ನು ನೆನಪಿಸಿಕೊಳ್ಳಲು ಹೊರಟರೆ ನೆನಪಾಗುವುದು ಕೊನೆಯ ಎರಡು ತಿಂಗಳು. ಶುಕ್ರವಾರ ಸಂಜೆ ಐದು ನಿಮಿಷ, ಒಂದು ಫೈಲ್. ಬರೆಯುವ ಬಗೆಯೂ ಮುಖ್ಯ. ‘ಪೇಮೆಂಟ್ ಮಾಡ್ಯೂಲ್‌ನ ವೇಗ ಹೆಚ್ಚಿಸಿದೆ’ ಎಂದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ‘ತಿಂಗಳ ಮೊದಲ ದಿನ ಸಂಬಳ ಜಮೆಯಾದ ಸಂದೇಶಗಳು ಎರಡು ಗಂಟೆ ತಡವಾಗುತ್ತಿದ್ದವು, ಕಾರಣ ಇಂಥದ್ದು, ಹೀಗೆ ಬದಲಿಸಿದೆ, ಮುಂದಿನ ಮೂರು ತಿಂಗಳೂ ನೋಡಿದೆ, ಐದು ನಿಮಿಷದೊಳಗೆ ಹೋಗುತ್ತಿವೆ’ ಎನ್ನಿ. ‘ಮುಂದಿನ ಮೂರು ತಿಂಗಳೂ ನೋಡಿದೆ’ ಎಂಬ ತುಂಡಿದೆಯಲ್ಲ, ಬಡ್ತಿ ಕೊಡುವವರ ಕಣ್ಣು ನಿಲ್ಲುವುದು ಅಲ್ಲಿ.

ಇಷ್ಟಾಗಿಯೂ ರೇಟಿಂಗ್ ಕೈಕೊಡಬಹುದು. ಇಷ್ಟು ಶೇಕಡಾ ಜನ ಕೆಳಗೆ ಬರಲೇಬೇಕು ಎಂಬ ಬೆಲ್ ಕರ್ವ್ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲೇ ಕೈಬಿಟ್ಟಿತು, ಆದರೂ ಅದರ ಭೂತ ಇನ್ನೂ ಎಷ್ಟೋ ಮೀಟಿಂಗ್ ರೂಮುಗಳಲ್ಲಿ ಓಡಾಡುತ್ತಿದೆ. ನಿಮ್ಮ ಫೈಲ್ ಆಗ ಮುಂದಿನ ಕಂಪನಿಯ ಇಂಟರ್‌ವ್ಯೂಗೆ ಒದಗುತ್ತದೆ.

8. ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಬೇಡಿ

24 ಲಕ್ಷದ ಆಫರ್ ಬಂತು, ತಿಂಗಳಿಗೆ ಎರಡು ಲಕ್ಷ ಎಂದು ಊರಿಗೆ ಫೋನ್ ಮಾಡುವ ಮೊದಲು ಅನೆಕ್ಸರ್ ಓದಿ. ಬೇಸಿಕ್ 12 ಲಕ್ಷ ಅಂದುಕೊಳ್ಳೋಣ. ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1.44 ಲಕ್ಷ, ನಿಮ್ಮ ಸಿಟಿಸಿಯಲ್ಲೇ ಕೂತಿದೆ. ಗ್ರಾಚ್ಯುಟಿ ಎಂದು ಬೇಸಿಕ್‌ನ ಶೇ. 4.81, ಸುಮಾರು 58 ಸಾವಿರ. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ — ಆ ವಿಚಿತ್ರ ಸಂಖ್ಯೆ ಹುಟ್ಟುವುದು ಇಲ್ಲಿಂದ. ಕಾಯಂ ನೌಕರರಿಗೆ ಅದು ಕೈಗೆ ಬರಲು ಸಾಮಾನ್ಯವಾಗಿ ಐದು ವರ್ಷ ಅದೇ ಕಂಪನಿಯಲ್ಲಿ ಇರಬೇಕು. ಶೇ. 10 ವೇರಿಯಬಲ್ ಎಂದರೆ 2.4 ಲಕ್ಷ ವರ್ಷದ ಕೊನೆಗೆ, ಅದೂ ಕಂಪನಿಯ ಮರ್ಜಿ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1.44 ಲಕ್ಷ. ಇಷ್ಟು ಕಳೆದರೆ ತಿಂಗಳಿಗೆ ಸುಮಾರು 1.51 ಲಕ್ಷ, ಆದಾಯ ತೆರಿಗೆಗೂ ಮುಂಚೆ.

ಷೇರುಗಳ ಆಸೆ ತೋರಿಸಿದರೆ ಮೂರು ಪ್ರಶ್ನೆ ಕೇಳಿ: ಎಷ್ಟು ವರ್ಷದಲ್ಲಿ ಪೂರ್ತಿ ನನ್ನದಾಗುತ್ತವೆ, ಮೊದಲ ವರ್ಷದೊಳಗೆ ಬಿಟ್ಟರೆ ಏನು ಸಿಗುತ್ತದೆ, ಕಂಪನಿ ಬಿಟ್ಟ ಮೇಲೆ ಆಪ್ಷನ್ ಚಲಾಯಿಸಲು ಎಷ್ಟು ದಿನ ಇರುತ್ತದೆ. ಮೂರನೆಯದನ್ನು ಕೇಳಿದಾಗ ಎಚ್‌ಆರ್ ಸ್ವಲ್ಪ ಹೊತ್ತು ಸುಮ್ಮನಾದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

9. ಮ್ಯಾನೇಜರ್ ಆಗುವುದು ಬಡ್ತಿಯಲ್ಲ, ಬೇರೆ ಕೆಲಸ

ಮನೆಯವರಿಗೆ, ನೆಂಟರಿಗೆ, ಹೆಣ್ಣು ಕೊಡುವವರಿಗೆ ‘ಕೈಕೆಳಗೆ ಎಷ್ಟು ಜನ’ ಎಂಬುದೇ ಅಳತೆ. ಈಗ ಬೆಂಗಳೂರಿನ ಪ್ರಾಡಕ್ಟ್ ಕಂಪನಿಗಳಲ್ಲೂ ಜಿಸಿಸಿಗಳಲ್ಲೂ ಜನರನ್ನು ನಿಭಾಯಿಸದೆಯೇ ಪ್ರಿನ್ಸಿಪಲ್ ಎಂಜಿನಿಯರ್‌ವರೆಗೆ ಹೋಗುವ ದಾರಿ ಇದೆ, ಸಂಬಳವೂ ಸರಿಸಮ. ಮ್ಯಾನೇಜರ್ ಆದರೆ ನಿಮ್ಮ ನಿರ್ಧಾರದ ಫಲ ಕೋಡ್‌ನಲ್ಲಿ ಕಾಣುವುದಿಲ್ಲ, ಮನುಷ್ಯರಲ್ಲಿ ಕಾಣುತ್ತದೆ, ಅದೂ ನಿಧಾನವಾಗಿ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಎಂದು ಹಿಂದೆ ಐಬಿಎಂನಲ್ಲಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲೇ ಬರೆದರು. ಇವತ್ತಿಗೂ ಪ್ರತಿ ರಿವ್ಯೂನಲ್ಲಿ ಯಾರಾದರೊಬ್ಬರು ‘ಇನ್ನೂ ನಾಲ್ಕು ಜನ ಕೊಡೋಣವೇ’ ಎಂದು ಕೇಳುತ್ತಾರೆ. ‘ಬೇಡ’ ಎಂದು ಹೇಳುವ ಧೈರ್ಯ ಇದ್ದರೆ ಆ ಕುರ್ಚಿಗೆ ಹೋಗಿ.

10. ಯಂತ್ರ ಬರೆದ ಕೋಡ್‌ಗೂ ಹೆಸರು ನಿಮ್ಮದೇ

ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದಂದಿನಿಂದ ಎಲ್ಲರ ಪ್ರಶ್ನೆ ಒಂದೇ: ನಮ್ಮ ಕೆಲಸ ಉಳಿಯುತ್ತದಾ? ನಾನು ಕಾಣುತ್ತಿರುವುದು ಇಷ್ಟು. ಬರೆಯುವ ಕೆಲಸ ಅಗ್ಗವಾಗಿದೆ, ಓದುವ ಕೆಲಸ ತುಟ್ಟಿಯಾಗಿದೆ. ಮೊನ್ನೆ ಒಂದು ಪುಲ್ ರಿಕ್ವೆಸ್ಟ್ ನೋಡಿದೆ: ಹೆಸರು ಉದ್ದವಾದರೆ ಕತ್ತರಿಸುವ ಫಂಕ್ಷನ್. ಎಐ ಬರೆದದ್ದು, ಅಚ್ಚುಕಟ್ಟಾಗಿತ್ತು, ಟೆಸ್ಟ್‌ಗಳೆಲ್ಲ ಪಾಸ್. ಟೆಸ್ಟ್‌ಗಳಲ್ಲಿದ್ದ ಹೆಸರುಗಳೆಲ್ಲ ಇಂಗ್ಲಿಷ್. ‘ಲಕ್ಷ್ಮೀ’ ಹಾಕಿ ಐದಕ್ಕೆ ಕತ್ತರಿಸಲು ಹೇಳಿದೆ, ‘ಲಕ್ಷ್’ ಎಂದು ಉಸಿರು ನಿಲ್ಲಿಸಿ ನಿಂತಿತು. ಯೂನಿಕೋಡ್‌ನಲ್ಲಿ ಆ ಹೆಸರಿಗೆ ಏಳು ಘಟಕಗಳು. ಐದನೆಯದು ಎರಡನೇ ಹಲಂತ ಚಿಹ್ನೆ. ಎಸ್‌ಎಂಎಸ್ ತುಂಡಾಗುವುದನ್ನು ಕಂಡಿದ್ದವರಿಗೆ ಈ ಅನುಮಾನ ತಟ್ಟನೆ ಬರುತ್ತದೆ, ಕಾಣದವರಿಗೆ ಬರುವುದಿಲ್ಲ.

ಚಿಂತೆ ಇರುವುದು ಹೊಸಬರ ಬಗ್ಗೆ. ಸಣ್ಣಪುಟ್ಟ ಬಗ್ ಸರಿಪಡಿಸುತ್ತ ಕಲಿಯುವ ಮೆಟ್ಟಿಲನ್ನೇ ಯಂತ್ರ ಎತ್ತಿಕೊಂಡು ಹೋಗುತ್ತಿದೆ. ಇದಕ್ಕೆ ನನ್ನಲ್ಲಿ ಪೂರ್ತಿ ಪರಿಹಾರವಿಲ್ಲ. ನಮ್ಮ ತಂಡದಲ್ಲಿ ಮಾಡಿಕೊಂಡ ನಿಯಮ ಹೇಳುತ್ತೇನೆ: ಯಾರು ಬರೆದರೂ, ಯಾವುದು ಬರೆದರೂ, ಮರ್ಜ್ ಮಾಡುವವರು ಆ ವಾರದ ಆನ್-ಕಾಲ್ ಹೊರಬೇಕು. ಅಂದಿನಿಂದ ಎಲ್ಲರೂ ಕೋಡನ್ನು ಗಮನವಿಟ್ಟು ಓದುತ್ತಿದ್ದಾರೆ.

11. ಲೇಆಫ್ ಬಂದಾಗ

ಅದು ನಿಮ್ಮ ಯೋಗ್ಯತೆಯ ತೀರ್ಪಲ್ಲ, ಯಾವುದೋ ಸ್ಪ್ರೆಡ್‌ಶೀಟಿನ ಸಾಲು. ಲಾಗಿನ್ ಅದೇ ಕ್ಷಣ ಕಟ್ ಆಗುತ್ತದೆ. ಆದ್ದರಿಂದ ಸ್ಯಾಲರಿ ಸ್ಲಿಪ್, ಆಫರ್ ಲೆಟರ್, ಫಾರ್ಮ್ 16, ವಿಮೆ ಕಾಗದಗಳ ಪ್ರತಿ ಸ್ವಂತ ಇಮೇಲ್‌ನಲ್ಲಿ ಮೊದಲೇ ಇರಲಿ. ಕಂಪನಿಯ ಕೋಡ್ ಮಾತ್ರ ಒಂದು ಸಾಲೂ ಇರಬಾರದು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಕಂಪನಿಯದ್ದಲ್ಲದ ಒಂದು ಆರೋಗ್ಯ ವಿಮೆ ಇರಲಿ, ತಂದೆ ತಾಯಿಗಂತೂ ಖಂಡಿತ.

12. ನೋಟಿಸ್ ಪೀರಿಯಡ್ ರಜೆಯಲ್ಲ

ತೊಂಬತ್ತು ದಿನದ ನೋಟಿಸ್ ಎಂಬುದು ನಮ್ಮ ದೇಶದ ಐಟಿಯ ಒಂದು ಶಿಕ್ಷೆ. ಬೈಔಟ್ ಸಿಕ್ಕರೆ ಸರಿ. ಇಲ್ಲದಿದ್ದರೆ ಹ್ಯಾಂಡ್‌ಓವರ್‌ಗೆ ಉದ್ದುದ್ದ ಪಿಪಿಟಿ ಮಾಡುತ್ತ ಕೂರಬೇಡಿ. ನಿಮ್ಮ ಜಾಗಕ್ಕೆ ಬರುವವರಿಗೆ ಮೊದಲ ತಿಂಗಳಲ್ಲೇ ಆನ್-ಕಾಲ್ ಕೊಟ್ಟು ನೀವು ಪಕ್ಕದಲ್ಲಿರಿ. ಅವರು ಕೇಳುವ ಪ್ರಶ್ನೆಗಳನ್ನೂ ನಿಮ್ಮ ಉತ್ತರಗಳನ್ನೂ ಹಾಗೆಯೇ ಬರೆದಿಟ್ಟರೆ ಅದೇ ಡಾಕ್ಯುಮೆಂಟ್. ‘ಇದನ್ನು ಯಾಕೆ ಹೀಗೆ ಮಾಡಿದಿರಿ’ ಎಂಬ ಪ್ರಶ್ನೆಗೆ ಅಂದಿನ ಕಾರಣವನ್ನು, ಅದು ಎಷ್ಟೇ ಪೇಲವವಾಗಿದ್ದರೂ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಮಾರ್ಚ್‌ನಲ್ಲಿ ಆಡಿಟ್ ಇತ್ತು, ಸಮಯ ಇರಲಿಲ್ಲ ಎಂಬುದೂ ಒಂದು ಕಾರಣವೇ. ಅದು ಗೊತ್ತಿಲ್ಲದ ಹೊಸಬರು ಆ ವಿನ್ಯಾಸದಲ್ಲಿ ಇಲ್ಲದ ಗೂಢಾರ್ಥ ಹುಡುಕುತ್ತ ವಾರಗಟ್ಟಲೆ ಕಳೆಯುತ್ತಾರೆ.

ಕಾಗದಪತ್ರಕ್ಕೆ ಬಂದರೆ, ರಿಲೀವಿಂಗ್ ಲೆಟರ್ ಕೈಗೆ ಬರುವವರೆಗೆ ಎಚ್‌ಆರ್ ಬೆನ್ನು ಬಿಡಬೇಡಿ. ಹೊಸ ಕಂಪನಿಗೆ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ, ಹಿಂದಿನ ಪಿಎಫ್ ಹಣವನ್ನು ವರ್ಗಾಯಿಸಿಕೊಳ್ಳಿ. ಐದು ವರ್ಷದ ಸೇವೆ ತುಂಬುವ ಮೊದಲೇ ಅದನ್ನು ತೆಗೆದರೆ ತೆರಿಗೆ ಬೀಳುತ್ತದೆ, ವರ್ಗಾಯಿಸಿಕೊಂಡರೆ ಹಿಂದಿನ ಕಂಪನಿಯ ಸೇವೆಯೂ ಆ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ.